ಗುಡ್ಡ ಸವೆದದ್ದು ಮಳೆಯಿಂದಲೇ ಎಂದು ನಂಬುವ ಬಗ್ಗೆ

ಗುಡ್ಡಗಳ ಏರಿಳಿತ ಶಾಖೆ, ಹುಕ್ಕೇರಿ
ಸಂಖ್ಯೆ: ಗುಏಶಾ/ಸವೆತ/41/2003-04
ದಿನಾಂಕ: 18-11-2003

ವಿಷಯ: ಸಮುದ್ರತಳದ ಏಣು (ನೀರಿನೊಳಗಿನ ಬೆಟ್ಟಸಾಲು) ನೆಲದಡಿ ನುಸುಳಿ ಪರ್ವತ ಏಳುವುದನ್ನೂ ಸವೆಯುವುದನ್ನೂ ಶಿಕ್ಷಕಿ ತಾರಾಬಾಯಿ ಚೌಗಲಾ ಅವರು ಜನರಿಗೆ ತಿಳಿಯುವಂತೆ ಹೇಳಿದ ಕುರಿತು.

ಉಲ್ಲೇಖ: ಕಲ್ಲುಗಣಿ ಗುತ್ತಿಗೆದಾರರು ಚಹಾ ಕುಡಿಯುತ್ತ ನೀಡಿದ ಮೌಖಿಕ ದೂರು.

ಪ್ರಸ್ತಾವನೆ:
ಈ ಶಾಖೆಯ ವ್ಯಾಪ್ತಿಗೆ ಸೇರಿದ ನೆರೆಯ ಗೋಕಾಕ ತಾಲೂಕಿನ ಗುಡ್ಡವೊಂದು ಕುಗ್ಗುತ್ತಿದ್ದು, ಅದು ಸಹಜ ಸವೆತವೆಂದು ಈ ಶಾಖೆಯು ಸ್ಥಳಕ್ಕೆ ಹೋಗದೆಯೇ ವರದಿ ಮಾಡಿರುತ್ತದೆ. ಹೀಗಿರುವಾಗ ಗುಡ್ಡದಡಿಯ ಶಾಲೆಯಲ್ಲಿ ತಾರಾಬಾಯಿಯವರು, ದಕ್ಷಿಣ ಅಮೆರಿಕದ ಅಂಚಿನಲ್ಲಿ ಸಮುದ್ರತಳದ ಏಣು ನೆಲದ ಕೆಳಗೆ ಸರಿದು ಮೇಲಿನ ಪರ್ವತಗಳನ್ನು ಎತ್ತುತ್ತದೆ, ಅವು ಎದ್ದಷ್ಟೂ ಮಳೆ ಹೊಳೆಗಳು ಜೋರಾಗಿ ಕೊರೆಯುತ್ತವೆ ಎಂದು ಪಾಠ ಮಾಡುತ್ತಿದ್ದರು. ಅದೇ ಗುಡ್ಡದ ಕಲ್ಲುಗಣಿಯ ಸಿಡಿಮದ್ದಿಗೆ ಮನೆಗೋಡೆ ಬಿರುಕುಬಿಟ್ಟಿದ್ದ ಕಾಶೆವ್ವ ಎಂಬಾಕೆ ಕಿಟಕಿಯಾಚೆ ನಿಂತು ಕೇಳಿ, “ಅಕ್ಕೋರ, ಹಂಗಾರ ನಮ್ಮ ಗುಡ್ಡಾನೂ ಮಳಿನ ತಿನ್ನಾಕತ್ತೈತೇನ್ರಿ?” ಎಂದು ವಿಚಾರಿಸಿರುತ್ತಾಳೆ. ಶಿಕ್ಷಕಿಯು ಸೀಮೆಸುಣ್ಣ ಕೆಳಗಿಟ್ಟು, “ಮಳಿಗೆ ಲಕ್ಷಗಟ್ಟಲೆ ವರ್ಷ ಬೇಕ ಕಾಶೆವ್ವಾ. ಇದನ್ನ ಟಿಪ್ಪರ್ ಒಯ್ಯಾಕತ್ತಾವ,” ಎಂದಿರುತ್ತಾರೆ. ಮಕ್ಕಳು ನಕ್ಕಿರುತ್ತಾರೆ. ಕಾಶೆವ್ವ ನಕ್ಕಿರುವುದಿಲ್ಲ, ಮರುದಿನವೇ ಓಣಿಯ ಹೆಂಗಸರೊಂದಿಗೆ ಟಿಪ್ಪರ್ ದಾರಿಗೆ ಅಡ್ಡ ಕುಳಿತಿರುತ್ತಾಳೆ.

ಆದುದರಿಂದ ಸಂಬಂಧಪಟ್ಟ ಎಲ್ಲರಿಗೂ ಈ ಮೂಲಕ ಸೂಚಿಸಲಾಗಿದೆ:

1. ಸಮುದ್ರತಳದ ಏಣುಗಳು ಈ ಶಾಖೆಯ ವ್ಯಾಪ್ತಿಗೆ ಬರುವುದಿಲ್ಲ. ಹುಕ್ಕೇರಿಗೆ ಸಮುದ್ರ ಮಂಜೂರಾಗಿರುವುದಿಲ್ಲ.

2. ಏಳಬಯಸುವ ಪರ್ವತಗಳು ಮಾರ್ಚ್ ಅಂತ್ಯದೊಳಗೆ ಎದ್ದು ಮುಗಿಸತಕ್ಕದ್ದು.

3. ಕಳೆದ ಬೇಸಿಗೆಯ ಸವೆತವನ್ನು, ಆಗ ಮಳೆಯೇ ಬಂದಿರದಿದ್ದರೂ, ಮಳೆಯ ಹೆಸರಿಗೇ ಜಮಾ ಮಾಡಲಾಗಿದೆ.

4. ನಂಬರ್ ಪ್ಲೇಟ್ ಇಲ್ಲದ ಟಿಪ್ಪರ್‌ಗಳನ್ನು ಇನ್ನು ಮುಂದೆ ‘ಹೊಳೆ’ ಎಂದು ಕರೆಯತಕ್ಕದ್ದು. ಅಡ್ಡ ಕುಳಿತ ಹೆಂಗಸರನ್ನು ಅನಧಿಕೃತ ಅಣೆಕಟ್ಟು ಎಂದು ಪರಿಗಣಿಸಿ ತೆರವುಗೊಳಿಸಲಾಗುವುದು.

5. ತಾರಾಬಾಯಿಯವರನ್ನು ಗುಡ್ಡವೇ ಕಾಣದ ಮೂಡಲಗಿ ಕಡೆಯ ಶಾಲೆಗೆ ವರ್ಗಾಯಿಸಲಾಗಿದೆ. ಮಳೆಯೇ ಕಾರಣವೆಂದು ಬರೆದುಕೊಟ್ಟಲ್ಲಿ ವರ್ಗಾವಣೆ ರದ್ದಾಗುವುದೆಂದು ತಿಳಿಸಲಾಗಿ, ಅವರು, “ಸುಳ್ಳ ಬರದಕೊಟ್ಟು ನಾಳೆ ಸಾಲ್ಯಾಗ ಏನ್ ಕಲಸ್ಲಿರಿ?” ಎಂದು ಕೇಳಿ, ಪೆನ್ನನ್ನು ಮೇಜಿನ ಮೇಲಿಟ್ಟು ಮೂಡಲಗಿ ಬಸ್ಸು ಹತ್ತಿರುತ್ತಾರೆ. ಸದರಿ ಪ್ರಶ್ನೆಯು ಪರಿಶೀಲನೆಯಲ್ಲಿದೆ.

ಸಹಿ/-
(ಓದಲು ಬರುವುದಿಲ್ಲ)
ಶಾಖಾಧಿಕಾರಿ, ಪ್ರಭಾರ

ಪ್ರತಿಗಳು:
1. ಪೆಸಿಫಿಕ್ ಸಾಗರ – ಮಾಹಿತಿಗಾಗಿ.
2. ಮಳೆರಾಯ – ಹೊಣೆ ಒಪ್ಪಿ ಸಹಿ ಮಾಡಿ ಮರಳಿಸಲು.
3. ಗುತ್ತಿಗೆದಾರರು – ಈ ಸುತ್ತೋಲೆಯ ಕರಡು ಬರೆದುಕೊಟ್ಟಿದ್ದಕ್ಕೆ ವಂದನೆಗಳೊಂದಿಗೆ.
4. ಕಾಶೆವ್ವ ಹಾಗೂ ಇತರರು – ಕುಳಿತಲ್ಲಿಯೇ ತಲುಪಿಸಲಾಗಿದೆ. ಪ್ರತಿಯ ಮೇಲೆ ರೊಟ್ಟಿ ಹರವಿಕೊಂಡು ಉಣ್ಣುತ್ತಿದ್ದು, ಟಿಪ್ಪರ್ ಚಾಲಕರೂ ಪಂಕ್ತಿಯಲ್ಲಿ ಕುಳಿತಿರುವುದಾಗಿ ನಮ್ಮ ಸಿಪಾಯಿ ವರದಿ ಕಳಿಸಿರುತ್ತಾನೆ. ಸಿಪಾಯಿ ಇನ್ನೂ ಕಚೇರಿಗೆ ಮರಳಿರುವುದಿಲ್ಲ.