ನಮ್ಮ ಹುಡುಗಿಗೆ ಏನೂ ಬರುವುದಿಲ್ಲ

ಜೀವನವಿಡೀ ಯಾವುದನ್ನು ನಂಬಿ ಹೊಟ್ಟೆ ಹೊರೆದಿದ್ದೇವೋ, ನಿವೃತ್ತಿಯಾದ ಮೇಲೆ ಅದನ್ನೇ ಹಳಿದುಕೊಂಡು ತಿರುಗುವುದರಲ್ಲಿ ಒಂದು ವಿಚಿತ್ರ ಸುಖವಿದೆ. ನಮ್ಮ ಓಣಿಯ ನಿವೃತ್ತ ಕಂಪೌಂಡರರು ಈಗ ಮಾತ್ರೆ ಕಂಡರೆ ಮುಖ ತಿರುಗಿಸುತ್ತಾರೆ. ನಾನು ಹಾವೇರಿಯ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಕಲಿಸಿದವನು. ದಿನಾ ಬೆಳಿಗ್ಗೆ ರಾಣೆಬೆನ್ನೂರಿನಿಂದ ಬಸ್ಸಿನಲ್ಲಿ ನಿಂತುಕೊಂಡು ಹೋಗಿ, "ಭಾಷಾ ಕಲೀರಿ, ಉದ್ಧಾರ ಆಗ್ತೀರಿ" ಎಂದು ಹುಡುಗರ ಕಿವಿ ಹಿಂಡಿ, ಸಂಜೆ ಮತ್ತೆ ನಿಂತುಕೊಂಡೇ ವಾಪಸು ಬರುತ್ತಿದ್ದೆ. ನಿವೃತ್ತಿಯಾದ ಮೇಲೆ ಮಗಳು ಒಂದು ಹೊಸ ಫೋನು ಕೊಡಿಸಿದಳು. ಅದರ ಮುಂದೆ ಕನ್ನಡದಲ್ಲಿ ಮಾತಾಡಿದರೆ ಬೇಕಾದ ಭಾಷೆಯಲ್ಲಿ ಅದೇ ಮಾತಾಡುತ್ತದೆ. ಅಂದಿನಿಂದ ನಾನು ಸಿಕ್ಕಸಿಕ್ಕವರನ್ನು ಹಿಡಿದು ನಿಲ್ಲಿಸಿ, ಭಾಷೆ ಕಲಿಯುವ ಕಾಲ ಮುಗಿಯಿತೆಂದು ಭಾಷಣ ಬಿಗಿಯತೊಡಗಿದೆ. ನನ್ನ ಕೈಯಲ್ಲಿ ಕಿವಿ ಹಿಂಡಿಸಿಕೊಂಡಿದ್ದ ಹಳೆಯ ವಿದ್ಯಾರ್ಥಿಯೊಬ್ಬ ಇದನ್ನು ಕೇಳಿ ತನ್ನ ಕಿವಿಯನ್ನು ಒಮ್ಮೆ ಮುಟ್ಟಿ ನೋಡಿಕೊಂಡ.

ನನ್ನ ಜಂಬಕ್ಕೆ ಆಧಾರ ಇರಲಿಲ್ಲವೆಂದಲ್ಲ. ಬ್ಯಾಡಗಿ ನನ್ನ ಹೆಂಡತಿ ಸರೋಜಾಳ ತವರು. ಅಲ್ಲಿಯ ಮಾರುಕಟ್ಟೆಯಲ್ಲಿ ನನ್ನ ಭಾವಮೈದುನನ ಮೆಣಸಿನಕಾಯಿ ನೋಡಲು ಒಬ್ಬ ತಮಿಳು ವ್ಯಾಪಾರಿ ಬಂದಿದ್ದರು. ಇಬ್ಬರ ನಡುವೆ ನಾನು ಫೋನು ಹಿಡಿದು ನಿಂತೆ. ಬಣ್ಣ ಹೇಗಿದೆ, ಹಸಿ ಎಷ್ಟಿದೆ, ಯಾವಾಗ ಒಯ್ಯುತ್ತೀರಿ ಎಂಬುದನ್ನೆಲ್ಲ ಅದು ಲೀಲಾಜಾಲವಾಗಿ ಆ ಕಡೆಯಿಂದ ಈ ಕಡೆ ಮುಟ್ಟಿಸಿತು. ಮೂವರೂ ಮೆಣಸಿನ ಘಾಟಿಗೆ ಸೀನಿದೆವು. ಸೀನನ್ನು ಮಾತ್ರ ಅದು ಅನುವಾದಿಸಲಿಲ್ಲ, ಅದರ ಅವಶ್ಯಕತೆಯೂ ಇರಲಿಲ್ಲ.

ಹೀಗಿರುವಾಗ ಮಗಳು ಅಕ್ಷತಾ ತಾನು ಮದುವೆಯಾಗುವುದಾದರೆ ಶ್ರೀನುವನ್ನೇ ಎಂದಳು. ಇಬ್ಬರೂ ಕುಮಾರಪಟ್ಟಣದ ಕಡೆ ಒಂದೇ ಕಾರ್ಖಾನೆಯಲ್ಲಿ ಕೆಲಸ ಮಾಡುವವರು. ಹುಡುಗ ಗುಂಟೂರಿನವನು. ಬಂದ ಹೊಸತರಲ್ಲಿ ಚಹಾ ಕೇಳಲೂ ಬರುತ್ತಿರಲಿಲ್ಲವಂತೆ, ಈಗ ನಮಗಿಂತ ಜೋರಾಗಿ ನಮ್ಮ ಕನ್ನಡ ಮಾತಾಡುತ್ತಾನೆ. ನಮಗೂ ಅವನು ಹಿಡಿಸಿದ. ಉಳಿದದ್ದು ಅವನ ತಂದೆತಾಯಿ ಬಂದು ಹುಡುಗಿಯನ್ನು ನೋಡಿ ಒಪ್ಪುವುದು. "ಸರ, ನಮ್ಮ ಅಪ್ಪಗ ಕನ್ನಡ ಬರಂಗಿಲ್ರಿ. ನಮ್ಮ ಮನ್ಯಾಗ ಹಿರ್ಯಾರು ಮಾತಾಡುವಾಗ ನಾ ನಡುವ ಕುಂದ್ರೂದೂ ಚಲೋ ಅಲ್ಲ. ಇನ್ನೂ ಭಾಳ ದಿನ ಅದಾವು, ಒಂದ್ ನಾಕು ತೆಲುಗು ಮಾತು ಕಲ್ಕೊಳ್ರಿ" ಎಂದು ಅವನು ಹೇಳಿದ. ನಾನು ಕಿಸೆಯಿಂದ ಫೋನು ತೆಗೆದು ತೋರಿಸಿ ನಕ್ಕೆ.

ಮೊದಲ ಎಡವಟ್ಟು ಅವರು ಬರುವ ಮುಂಚೆಯೇ ಆಯಿತು. ನಮ್ಮ ಕಡೆ ತಮ್ಮದನ್ನು ತಾವೇ ಹೊಗಳಿಕೊಳ್ಳುವುದು ಹಲ್ಕಾತನ. ಎರಡಂತಸ್ತಿನ ಮನೆ ಕಟ್ಟಿದವರು "ಏನೋ ಒಂದು ಗುಡಿಸಲ ಹಾಕ್ಕೊಂಡೇವ್ರಿ" ಎನ್ನಬೇಕು. ಕೇಳಿದವರು "ಹಂಗ್ಯಾಕಂತೀರಿ, ಅರಮನಿ ಕಟ್ಟೀರಿ" ಎನ್ನಬೇಕು. ಇದು ಇಬ್ಬರು ಕೂಡಿ ಆಡುವ ಆಟ. ಆ ಪ್ರಕಾರ ನಾನು ಫೋನಿಗೆ, "ನಮ್ಮದು ಬಡವರ ಮನಿ, ಏನೂ ಅಡಗಿ ಮಾಡಂಗಿಲ್ಲ, ಗಂಜಿಯೋ ಅಂಬಲಿಯೋ ಇದ್ದದ್ದು ಉಂಡು ಹೋಗ್ಬೇಕು" ಎಂದು ಹೇಳಿ, ಅದನ್ನು ತೆಲುಗು ಮಾಡಿಸಿ ಹುಡುಗನ ತಂದೆ ಕೋಟೇಶ್ವರರಾಯರಿಗೆ ಕಳಿಸಿಬಿಟ್ಟೆ. ಕಳಿಸಿ, ಸರೋಜಾಗೆ ಶೇಂಗಾ ಹೋಳಿಗೆಗೆ ತಯಾರಿ ಮಾಡಲು ಹೇಳಿದೆ.

ಅವರು ಬಂದರು. ಕೋಟೇಶ್ವರರಾಯರ ಕೈಯಲ್ಲಿ ದೊಡ್ಡ ಊಟದ ಡಬ್ಬಿ, ಅವರ ಹೆಂಡತಿ ಪದ್ಮಾವತಿಯವರ ಕೈಯಲ್ಲಿ ಗೋಂಗುರ ಉಪ್ಪಿನಕಾಯಿಯ ಭರಣಿ, ಡ್ರೈವರನ ತಲೆಯ ಮೇಲೆ ಅಕ್ಕಿ ಚೀಲ. ಪಾಪ, ಬಡವರಿಗೆ ತೊಂದರೆ ಕೊಡಬಾರದೆಂದು ದಾರಿಯಲ್ಲೇ ಹೋಟೆಲಿನಲ್ಲಿ ಊಟ ಮುಗಿಸಿದ್ದರು. ನಮಗಾಗಿ ಡಬ್ಬಿಯಲ್ಲಿ ಪುಳಿಹೋರ, ಅಂದರೆ ಹುಳಿಯನ್ನ, ತಂದಿದ್ದರು. ಒಳಗೆ ಎಣ್ಣೆಗಾಯಿ, ರೊಟ್ಟಿ, ಹೆಸರುಕಾಳಿನ ಪಲ್ಯ, ಹೋಳಿಗೆಯ ರಾಶಿ. ಸರೋಜಾ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಏನ್ ಬರದು ಕಳಿಸೀರಿ ಅವರಿಗೆ?" ಎಂದು ಮೆಲ್ಲಗೆ ಕೇಳಿದಳು. ಅವಳು ಮೆಲ್ಲಗೆ ಮಾತಾಡಿದರೆ ನನಗೆ ಹೆಚ್ಚು ಭಯ.

ಇಷ್ಟಾದರೂ ನನಗೆ ಬುದ್ಧಿ ಬರಲಿಲ್ಲ. ಫೋನನ್ನು ಟೀಪಾಯಿಯ ಮೇಲಿಟ್ಟು ಮುಖ್ಯ ಮಾತಿಗೆ ಬಂದೆ. ಹೆಣ್ಣಿನ ತಂದೆ ಆಡಬೇಕಾದ ಮಾತೇ ಅದು. ನನ್ನ ಮಾವನೂ ಆಡಿದ್ದರು, ಅವರ ಮಾವನೂ ಆಡಿದ್ದಿರಬೇಕು. "ನಮ್ಮ ಹುಡುಗಿಗೆ ಏನೂ ಬರಂಗಿಲ್ರಿ. ಅಡಗಿ ಗೊತ್ತಿಲ್ಲ. ಸ್ವಲ್ಪ ಸಿಟ್ಟಿನಾಕಿ, ಹೇಳಿದ ಮಾತು ಕೇಳಂಗಿಲ್ಲ. ನೀವ ಸಂಭಾಳಿಸ್ಕೊಂಡು ಹೋಗ್ಬೇಕು" ಎಂದೆ. ಹೇಳುವಾಗ ಕೈಮುಗಿದು ನಕ್ಕೆ. ಆ ನಗೆಯಲ್ಲಿಯೇ, ಇಂಥ ಮಗಳು ನಿಮಗೆ ಎಲ್ಲಿ ಹುಡುಕಿದರೂ ಸಿಗಲಾರಳು ಎಂಬುದೆಲ್ಲ ಇತ್ತು. ಆದರೆ ಅವರಿಬ್ಬರೂ ನನ್ನ ಮುಖ ನೋಡುತ್ತಲೇ ಇರಲಿಲ್ಲ. ಫೋನು ಏನು ಹೇಳುತ್ತದೋ ಎಂದು ಟೀಪಾಯಿಯತ್ತ ಬಗ್ಗಿ ಕುಳಿತಿದ್ದರು. ಅದು ವಾರ್ತೆ ಓದುವ ಧಾಟಿಯಲ್ಲಿ, ನಡುವೆ ಉಸಿರೂ ತೆಗೆದುಕೊಳ್ಳದೆ, ನನ್ನ ಮಗಳ ದೋಷಗಳನ್ನು ಶುದ್ಧ ತೆಲುಗಿನಲ್ಲಿ ಒಪ್ಪಿಸಿತು.

ಪದ್ಮಾವತಿಯವರ ಮುಖ ಸಣ್ಣಗಾಯಿತು. ಆಗಲೇ ಅಕ್ಷತಾ ಚಹಾ ತಂದಳು. ಅವರು ಕಪ್ಪನ್ನು ಬಹಳ ಹುಷಾರಿಯಿಂದ ತೆಗೆದುಕೊಂಡರು, ಎಲ್ಲಿ ಸಿಟ್ಟು ಬಂದು ಮೈಮೇಲೆ ಚೆಲ್ಲಿಬಿಡುತ್ತಾಳೋ ಎನ್ನುವಂತೆ. ಕೋಟೇಶ್ವರರಾಯರು ಗಂಟಲು ಸರಿಮಾಡಿಕೊಂಡು ಏನೋ ಹೇಳಿದರು. ಫೋನು, "ನಿಮ್ಮ ಪ್ರಾಮಾಣಿಕತೆಗೆ ಧನ್ಯವಾದಗಳು. ನಾವು ಆಲೋಚಿಸಿ ತಿಳಿಸುತ್ತೇವೆ" ಎಂದಿತು.

ಅವರು ಊರು ಮುಟ್ಟಿದ ಮೇಲೆ ಶ್ರೀನು ಬಂದ. ಮುಖದಲ್ಲಿ ಕಳೆ ಇರಲಿಲ್ಲ. "ಹೆತ್ತ ತಂದೀಗೇ ಬ್ಯಾಸರಾದ ಹುಡುಗಿ ನಮಗ್ಯಾಕ ಅಂತಾರ್ರಿ ಸರ. ಅದು ನಿಮ್ಮ ಕಡೆ ಪದ್ಧತಿ ಐತಿ ಅಂತ ಎಷ್ಟ್ ಹೇಳಿದ್ರೂ ನಂಬವಲ್ರು. ನೀವ ಮಾತಾಡ್ಬೇಕು. ಆದ್ರ ಅದರ ಕಡಿಂದ ಬ್ಯಾಡ್ರಿ" ಎಂದು ಫೋನಿನತ್ತ ಕೈ ಮಾಡಿದ. ಅಕ್ಷತಾ ನನ್ನೊಡನೆ ಜಗಳವಾಡಿದ್ದರೆ ವಾಸಿಯಿತ್ತು. ಅವಳು ಊಟಕ್ಕೆ ನೀಡಿ ಸುಮ್ಮನೆ ಒಳಗೆ ಹೋಗಿಬಿಡುತ್ತಿದ್ದಳು. ಅವಳ ಮದುವೆಯನ್ನು ನಾನೇ, ನನ್ನ ಸೌಜನ್ಯದಿಂದಲೇ ಕೆಡಿಸಿದ್ದೆ. ಫೋನಿಗೆ ಬೈಯೋಣವೆಂದರೆ ಅದರದೇನು ತಪ್ಪು? ಒಂದು ಮಾತನ್ನೂ ಅದು ತಿರುಚಿರಲಿಲ್ಲ.

ಹೀಗೆ ನಾನು ಈ ವಯಸ್ಸಿನಲ್ಲಿ ಮನೆಯ ಕಟ್ಟೆಯ ಮೇಲೆ ಕುಳಿತು ವಿದ್ಯಾರ್ಥಿಯಾದೆ. ಶ್ರೀನು ಮೇಷ್ಟ್ರಾದ. ಇಂಥ ವಿದ್ಯಾರ್ಥಿ ನನ್ನ ತರಗತಿಯಲ್ಲಿದ್ದಿದ್ದರೆ ಕಿವಿ ಉಳಿಯುತ್ತಿರಲಿಲ್ಲ. ಹೇಳಿಕೊಟ್ಟದ್ದು ಸಂಜೆಗೆ ಮರೆತುಹೋಗುತ್ತಿತ್ತು. "ನಮ್ಮ ಹುಡುಗಿಗೆ ಅಷ್ಟೇನೂ ಬರುವುದಿಲ್ಲವಾದರೂ ನಿಮ್ಮಂಥವರ ಆಶೀರ್ವಾದದಿಂದ" ಎಂದು ಶುರುಮಾಡಲು ಹೋದರೆ ಅವನು ತಡೆದ. "ಸರ, ಅಷ್ಟ್ ಉದ್ದ ನಿಮಗ ಆಗಂಗಿಲ್ಲ. ಸಣ್ಣ ಸಣ್ಣ ಮಾತು ಹೇಳ್ರಿ." ಸಣ್ಣ ಮಾತುಗಳಲ್ಲಿ ವಿನಯಕ್ಕೆ ಜಾಗವೇ ಇರಲಿಲ್ಲ. ಬಳಸಿ ಹೇಳಲು ಬೇಕಾದ ತೆಲುಗು ನನ್ನ ಹತ್ತಿರ ಇರಲಿಲ್ಲ. ಇದ್ದಷ್ಟರಲ್ಲಿ ಇದ್ದದ್ದನ್ನೇ ಹೇಳಬೇಕಾಗಿತ್ತು.

ಭಾನುವಾರ ಬೆಳಿಗ್ಗೆ ಪಡಸಾಲೆಯಲ್ಲಿ ಕುಳಿತು ಗುಂಟೂರಿಗೆ ಫೋನು ಹಚ್ಚಿದೆ. ಅಕ್ಷತಾ ಮಾಡಿದ ಉಪ್ಪಿಟ್ಟು ಪಕ್ಕದಲ್ಲಿ ಆರುತ್ತಿತ್ತು. ಕೋಟೇಶ್ವರರಾಯರ ದನಿ ಕೇಳಿದ ಕೂಡಲೇ ಕಲಿತದ್ದರಲ್ಲಿ ಅರ್ಧ ಹಾರಿಹೋಯಿತು. ಉಳಿದದ್ದನ್ನು, ಸುಳ್ಳು ಹೇಳಿದ್ದೆ ಎಂಬುದರಿಂದ ಹಿಡಿದು, ಒಂದೊಂದಾಗಿ ಇಟ್ಟೆ. "ನೇನು ಅಬದ್ಧಂ ಚೆಪ್ಪಾನು. ಮಾ ಅಮ್ಮಾಯಿ ಚಾಲಾ ಮಂಚಿದಿ. ಚಾಲಾ ತೆಲಿವೈನದಿ." ಬಹಳ ಒಳ್ಳೆಯವಳು, ಬಹಳ ಜಾಣೆ ಎಂದಾದ ಮೇಲೆ ಇನ್ನೊಂದು ಮಾತು ಉಳಿದಿತ್ತು. ಅದನ್ನೂ ಹೇಳಿಬಿಟ್ಟೆ. "ಮಾಕು ಪ್ರಾಣಂ."

ಆ ಕಡೆ ಕೋಟೇಶ್ವರರಾಯರು ದೊಡ್ಡದಾಗಿ ನಕ್ಕು, ಮಗ ಹೇಳಿಕೊಟ್ಟಿರಬೇಕು, ತಡವರಿಸುತ್ತ ಕನ್ನಡದಲ್ಲಿ ಅಂದರು: "ನಮ್ಮ ಹುಡುಗನಿಗೆ ಕೂಡ ಏನೂ ಬರಂಗಿಲ್ಲ." ಆ ಮಾತನ್ನು ಅವರು ಆಡಿದ ಧಾಟಿ ನನಗೆ ಚೆನ್ನಾಗಿ ಗೊತ್ತಿತ್ತು. ನಾನು ಫೋನು ಹಿಡಿದುಕೊಂಡೇ ಕೈಮುಗಿದೆ, ಅವರಿಗೆ ಕಾಣದಿದ್ದರೂ. ಹಿಂದಿನಿಂದ ಪದ್ಮಾವತಿಯವರು ಮುಹೂರ್ತ ಮುಹೂರ್ತ ಎನ್ನುತ್ತಿದ್ದುದು ಕೇಳಿಸಿತು.

ಫೋನು ಕೆಳಗಿಟ್ಟು ತಿರುಗಿದರೆ ಬಾಗಿಲಲ್ಲಿ ಅಕ್ಷತಾ ನಿಂತಿದ್ದಳು. ಅವಳಿಗೆ ತೆಲುಗು ಬರುತ್ತದೆಂಬುದು ನನಗೆ ಆ ಗಳಿಗೆಯವರೆಗೆ ಹೊಳೆದೇ ಇರಲಿಲ್ಲ. ಶ್ರೀನು ಕನ್ನಡ ಕಲಿಯುವಷ್ಟು ದಿನ ಅವಳೇನು ಸುಮ್ಮನಿದ್ದಳೇ? ಅವಳ ಕಣ್ಣುಗಳು ತುಂಬಿದ್ದವು.

"ಅಪ್ಪಾ, ಅವರಿಗೆ ಹೇಳಿದಿಯಲ್ಲ, ಅದನ್ನ ನನಗ ಒಮ್ಮೆ ಕನ್ನಡದಾಗ ಹೇಳು ನೋಡೋಣು" ಎಂದಳು.

ಕನ್ನಡ ನನಗೆ ಹುಟ್ಟಿದಾಗಿನಿಂದ ಬರುತ್ತದೆ. ಶಬ್ದಗಳಿಗೇನೂ ಕೊರತೆಯಿಲ್ಲ. ಒಂದಲ್ಲ, ಹತ್ತು ರೀತಿಯಲ್ಲಿ ಹೇಳಬಲ್ಲೆ. ಕೊನೆಗೆ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು, "ಉಪ್ಪಿಟ್ಟಿಗೆ ಉಪ್ಪು ಸ್ವಲ್ಪ ಕಡಿಮಿ ಆಗೈತಿ ನೋಡವಾ" ಎಂದೆ.

ಉಪ್ಪು ಸರಿಯಾಗಿಯೇ ಇತ್ತು.