ಎಮ್ಮೆಯ ಅಢಾವೆ ಪತ್ರಿಕೆ

ಮಣ್ಣೂರಿನ ಸಾಲೆಯ ಹಣಮಂತ್ರಾಯ ಮಾಸ್ತರರು ಮನೆಯ ಎಮ್ಮೆಯನ್ನು ಮಾರಬೇಕೆಂದು ತೀರ್ಮಾನಿಸಿದ್ದು ಅದು ಒದ್ದಿತೆಂದಲ್ಲ, ಹಾಲು ಬತ್ತಿತೆಂದೂ ಅಲ್ಲ. ಜೇವರ್ಗಿಯ ಒಂದು ಅರಳೆ ಕಂಪನಿಯ ಜೊತೆ ಹೋಲಿಸಿ ನೋಡಿದಾಗ ಎಮ್ಮೆಯ ಪ್ರಗತಿ ತೃಪ್ತಿಕರವಾಗಿರಲಿಲ್ಲ.

ಮಾಸ್ತರರು ಆ ಕಂಪನಿಯ ಎರಡು ಶೇರುಗಳ ಒಡೆಯರು. (ಕಂಪನಿಯಲ್ಲಿ ಒಟ್ಟು ನಾಲ್ಕು ಸಾವಿರ ಶೇರುಗಳಿದ್ದವು. ಉಳಿದ ಮೂರು ಸಾವಿರದ ಒಂಬೈನೂರ ತೊಂಬತ್ತೆಂಟರ ಮಾತನ್ನು ಅವರು ಮನೆಯಲ್ಲಿ ಎತ್ತುತ್ತಿರಲಿಲ್ಲ.) ವರ್ಷಕ್ಕೊಮ್ಮೆ ಕಂಪನಿಯಿಂದ ಒಂದು ದಪ್ಪ ಲಕೋಟೆ ಬರುತ್ತಿತ್ತು. ಹೋದ ವರ್ಷ ಬಂದದ್ದನ್ನು ಬಿಚ್ಚಿ, ಒಳಗಿನ ಹಾಳೆ ಏನೆಂದು ತಿಳಿಯದೆ, ಲಕ್ಷ್ಮಿಗೆ ಸಂಬಂಧಪಟ್ಟದ್ದೆಂಬ ಒಂದೇ ಕಾರಣಕ್ಕೆ ಮೇಲೆ ಧಾರಾಳವಾಗಿ ಕುಂಕುಮ ಹಚ್ಚಿ ದೇವರ ಗೂಡಿನಲ್ಲಿ ಇಟ್ಟಿದ್ದರು. ಈ ವರ್ಷ, ಅಂದರೆ ನಿಜಾಮರ ಫಸಲಿ ವರ್ಷ ಸಾವಿರದ ಮುನ್ನೂರ ಐವತ್ತರಲ್ಲಿ, ಅವರ ಕೈಗೆ ಲೆಕ್ಕಪತ್ರದ ಒಂದು ಪುಸ್ತಕ ಸಿಕ್ಕಿತ್ತು. ಅದನ್ನು ಎರಡು ಸಲ ಓದಿದ ಮೇಲೆ ಹೊಸ ಲಕೋಟೆ ಬಂತು. ಗೂಡಿನಿಂದ ಹಳೆಯ ಹಾಳೆಯನ್ನೂ ಇಳಿಸಿ, ಎರಡನ್ನೂ ಪಕ್ಕಪಕ್ಕದಲ್ಲಿ ಹಾಸಿ, ಮಾಸ್ತರರು ಒಂದು ಶುಕ್ರವಾರ ಸಾಲೆಗೆ ಸೂಟಿ ಇದ್ದ ದಿನ ಪಡಸಾಲೆಯಲ್ಲಿ ಕೂತರು.

"ಕೇಳಿಲ್ಲಿ," ಎಂದು ಹೆಂಡತಿಯನ್ನು ಕರೆದರು. "ಕಂಪನಿ ಅಂದ್ರ ಏನಂತ ಇವತ್ತ ನನಗ ತಿಳೀತು."

ಬಾಳಮ್ಮ ಬೆಣ್ಣೆ ಕಡೆಯುತ್ತಿದ್ದಳು. "ರೊಕ್ಕ ಕೊಟ್ಟು ಮೂರು ವರ್ಷ ಆತಲ್ರಿ," ಎಂದಳು, ಕಡೆಗೋಲು ನಿಲ್ಲಿಸದೆ.

ಮಾಸ್ತರರು ಕೇಳಿಸಿಕೊಳ್ಳಲಿಲ್ಲ. ಲಾಭ-ಹಾನಿ ಪತ್ರಿಕೆ ಎಂದರೆ ವರ್ಷವಿಡೀ ಬಂದದ್ದೆಷ್ಟು ಹೋದದ್ದೆಷ್ಟು ಎಂದು ಹೇಳುವುದು. ಅಢಾವೆ ಪತ್ರಿಕೆ ಎಂದರೆ ವರ್ಷದ ಕಟ್ಟಕಡೆಯ ದಿನ ನಿಂತು, ಇರುವುದೆಷ್ಟು, ಕೊಡಬೇಕಾದದ್ದೆಷ್ಟು, ಬರಬೇಕಾದದ್ದೆಷ್ಟು ಎಂದು ತೋರಿಸುವುದು ಎಂದು ವಿವರಿಸಿದರು. ಒಂದು ವರ್ಷದ ಅಂಕಿ ಒಂಟಿಯಾಗಿ ಏನನ್ನೂ ಹೇಳುವುದಿಲ್ಲ, ಹಿಂದಿನ ವರ್ಷದ ಅಂಕಿಯ ಪಕ್ಕದಲ್ಲಿ ಇಟ್ಟಾಗಲೇ ಬಾಯಿ ಬಿಡುತ್ತದೆ ಎಂದೂ ಹೇಳಿದರು. ಇದು ಪುಸ್ತಕದಲ್ಲಿದ್ದ ಮಾತು, ಸರಿಯಾದ ಮಾತೂ ಹೌದು.

"ಈ ಕಡೀ ಸಾಲು ಏನ್ರಿ? ಬ್ಯಾರೇನೇ ಬರದಾರಲ್ಲ," ಎಂದು ಬಾಳಮ್ಮ ಬಗ್ಗಿ ನೋಡಿ ಕೇಳಿದಳು. ಅವಳಿಗೆ ಓದು ಬಾರದು, ಆದರೆ ಗೆರೆಯಾಚೆ ಇಟ್ಟದ್ದು ಯಾವುದು ಎಂಬುದು ಕಣ್ಣಿಗೆ ಬೀಳುತ್ತಿತ್ತು.

"ಅದು ವಸೂಲಾಗೋದು ಸಂಶಯ ಇರೋ ಬಾಕಿ. ಕೆಲವರ ಕಡಿಂದ ರೊಕ್ಕ ಬರಬೇಕು ಖರೇ, ಆದರ ಅವರನ್ನ ನೋಡಿದ್ರ ಬರ್ತದಂತ ಅನಸೂದಿಲ್ಲ. ಶಾಣ್ಯಾ ಕಂಪನಿ ಅಂಥವರನ್ನ ಬ್ಯಾರೆ ಸಾಲಿನ್ಯಾಗ ಬರದಿಡ್ತದ."

"ಚಲೋ ಪದ್ಧತಿ ಅದ," ಎಂದು ಬಾಳಮ್ಮ ಮತ್ತೆ ಕಡೆಯತೊಡಗಿದಳು.

ಈ ವಿದ್ಯೆಯನ್ನು ಮಾಸ್ತರರು ಅಷ್ಟಕ್ಕೇ ಬಿಡಲಿಲ್ಲ. ಕಂಪನಿಗೆ ಅನ್ವಯಿಸುವ ನಿಯಮ ಎಮ್ಮೆಗೂ ಅನ್ವಯಿಸಬೇಕು, ಇಲ್ಲವಾದರೆ ಅದು ನಿಯಮವೇ ಅಲ್ಲ ಎಂಬುದು ಅವರ ವಾದ. ಅಂದೇ ಮಧ್ಯಾಹ್ನ, ಬಾಳಮ್ಮ ಹೊಳೆಗೆ ಹೋದಾಗ, ಎಮ್ಮೆಯ ಪತ್ರಿಕೆ ಬರೆಯಲು ಅವರು ಅಡುಗೆಮನೆಯ ಗೋಡೆಯ ಮುಂದೆ ಹಾಳೆ, ಪೆನ್ಸಿಲ್ ಹಿಡಿದು ನಿಂತರು. ಬೆಣ್ಣೆ ಮಾರಿದ ಒಂದೊಂದು ರೂಪಾಯಿಗೆ ಬಾಳಮ್ಮ ಆ ಸುಣ್ಣದ ಗೋಡೆಯ ಮೇಲೆ ಒಂದೊಂದು ಗೆರೆ ಎಳೆಯುತ್ತಿದ್ದಳು. ಹೋದ ವರ್ಷದ ಗೆರೆಗಳು ಇದ್ದಿಲಿನವು, ಕಪ್ಪು, ಎಣಿಸಿದಾಗ ಎಂಬತ್ತನಾಲ್ಕು. ಈ ವರ್ಷದವು ಕೆಮ್ಮಣ್ಣಿನವು, ಕೆಂಪು, ಎಣಿಸಿದಾಗ ಎಪ್ಪತ್ತೆಂಟು. ಬಣ್ಣ ಬದಲಾದದ್ದನ್ನು ಮಾಸ್ತರರು ಗಮನಿಸದೆ ಇರಲಿಲ್ಲ. ಇದ್ದಿಲು ತೀರಿರಬೇಕು ಎಂದುಕೊಂಡರು. ಹಿಂಡಿ, ಹತ್ತಿಕಾಳು, ಕಣಕಿಯ ಖರ್ಚು ಎರಡೂ ವರ್ಷ ಅರವತ್ತು. ಹೋದ ವರ್ಷದ ಲಾಭ ಇಪ್ಪತ್ತನಾಲ್ಕು, ಈ ವರ್ಷದ್ದು ಹದಿನೆಂಟು. ಸರಿಯಾಗಿ ಕಾಲುಪಾಲು ಇಳಿತ.

ಅತ್ತ ಕಂಪನಿಯ ಲಾಭ ಆರು ಸಾವಿರದಿಂದ ಏಳು ಸಾವಿರಕ್ಕೆ ಏರಿತ್ತು. ಅದೇ ಲಕೋಟೆಯಲ್ಲಿ ಇನ್ನೊಂದು ಚೀಟಿಯೂ ಇತ್ತು: ಹಳೆಯ ಶೇರುದಾರರಿಗೆ ಹೊಸ ಶೇರುಗಳು, ಒಂದಕ್ಕೆ ಮೂವತ್ತು ರೂಪಾಯಿ, ತಿಂಗಳ ಕೊನೆಯವರೆಗೆ ಮಾತ್ರ.

ಸಂಜೆ ಮಾಸ್ತರರು ಎಮ್ಮೆ ಮಾರಿ ಹೊಸ ಶೇರು ಕೊಳ್ಳುವ ತೀರ್ಮಾನ ತಿಳಿಸಿದರು. ಆ ಎಮ್ಮೆ ಅತನೂರಿನ ಬಾಳಮ್ಮನ ತವರಿನಿಂದ ಕರುವಾಗಿ ಬಂದದ್ದು. ಮನೆಯಲ್ಲಿ ಅವಳ ಕೈಯಲ್ಲಿ ಆಡುವ ರೊಕ್ಕವೆಂದರೆ ಅದರ ಬೆಣ್ಣೆಯ ರೊಕ್ಕ ಒಂದೇ.

"ಎಮ್ಮಿ ಏನ್ ತಪ್ಪು ಮಾಡ್ಯದ್ರಿ?"

"ತಪ್ಪಿನ ಮಾತಲ್ಲ. ಇಳಿಮುಖ ಆಗ್ಯದ. ಮ್ಯಾಲ ಸವಕಳಿ ಬ್ಯಾರೆ ಹಿಡೀಬೇಕು. ಯಂತ್ರ ವರ್ಷಕ್ಕ ಹತ್ತರಾಗ ಒಂದು ಪಾಲು ಸವೀತದ. ಎಮ್ಮಿನೂ ಹಂಗೇ."

"ಹೋದ ವರ್ಷಕ್ಕಿಂತ ದಪ್ಪ ಆಗ್ಯದ. ಎಲ್ಲಿ ಸವದದ, ತೋರಸ್ರಿ."

"ಕಣ್ಣಿಗೆ ಕಾಣೂದಿಲ್ಲ. ಲೆಕ್ಕದಾಗ ಸವೀತದ."

"ಯಂತ್ರ ಕರು ಹಾಕ್ತದೇನ್ರಿ?"

ಮಾಸ್ತರರು ಪುಸ್ತಕದಲ್ಲಿ ಸವಕಳಿಯ ಪುಟವನ್ನು ಮೊದಲಿಂದ ಕೊನೆಯವರೆಗೆ ಹುಡುಕಿದರು. ಆಮೇಲೆ ಕನ್ನಡಕ ಒರೆಸಿಕೊಂಡರು.

ಇಲ್ಲಿ ಒಂದು ಮಾತು ಹೇಳಬೇಕು. ಆ ಮನೆಯಲ್ಲಿ ಲೆಕ್ಕದ ಖಾತೆ ಮಾಸ್ತರರದು, ರೊಕ್ಕದ ಖಾತೆ ಬಾಳಮ್ಮನದು. ಸಂಬಳ ಬಂದ ದಿನ ಅದನ್ನು ಎಣಿಸದೆ ಹೆಂಡತಿಯ ಕೈಗೆ ಕೊಡುವುದು, ಆಮೇಲೆ ಖರ್ಚನ್ನು ಅವಳಿಂದ ಕೇಳಿ ಬರೆದುಕೊಳ್ಳುವುದು, ಇದು ಅವರ ಪದ್ಧತಿ. ಅಂಗಡಿ, ಸಂತೆ, ಚಿಲ್ಲರೆ ಇವುಗಳಿಗೆ ಅವರು ಕೈ ಹಾಕದೆ ಹದಿನಾಲ್ಕು ವರ್ಷವಾಗಿತ್ತು. ರೂಪಾಯಿಯನ್ನು ಅಂಕಿಯಾಗಿ ಅವರಷ್ಟು ಬಲ್ಲವರು ಊರಲ್ಲಿ ಇರಲಿಲ್ಲ. ನಾಣ್ಯವಾಗಿ ಅವರಷ್ಟು ಮರೆತವರೂ ಇರಲಿಲ್ಲ.

ಮಂಗಳವಾರ ಅತನೂರಿನ ದನದ ವ್ಯಾಪಾರಿ ಚಾಂದಪಾಶಾ ಬಂದು ಎಮ್ಮೆಯ ಹಲ್ಲು ನೋಡಿದ, ಬೆನ್ನು ತಟ್ಟಿದ, ಮೂರು ಸಲ ಇದು ತನಗೆ ಬೇಡವೆಂದು ಹೇಳಿ ಹತ್ತು ರೂಪಾಯಿ ಸಂಚಕಾರ, ಅಂದರೆ ಮುಂಗಡ, ಕೊಟ್ಟ. ರೊಕ್ಕ ಒಂದು ಅರಿವೆಯ ಗಂಟಿನಲ್ಲಿತ್ತು. ಮಾಸ್ತರರು ಗಂಟು ಬಿಚ್ಚುವ ಗೋಜಿಗೆ ಹೋಗದೆ ಅರಿವೆಯ ಮೇಲಿಂದಲೇ ಒತ್ತಿ ಒತ್ತಿ ಎಣಿಸಿದರು. ಹತ್ತು ಸರಿಯಾಗಿತ್ತು. ಮರುದಿನ ಜೇವರ್ಗಿಗೆ ಹೊರಟಿದ್ದ ಗೆಳೆಯ ಅಣ್ಣಾರಾಯನ ಕೈಗೆ ಆ ಗಂಟನ್ನು ಹಾಗೆಯೇ ಕೊಟ್ಟು, ಹೊಸ ಶೇರುಗಳ ಮುಂಗಡವೆಂದು ಕಂಪನಿಯಲ್ಲಿ ಕಟ್ಟಲು ಹೇಳಿದರು. ಉಳಿದದ್ದು ಎಮ್ಮೆ ಕೈ ಬದಲಾಯಿಸಿದ ಮೇಲೆ.

ಎಮ್ಮೆ ಕೈ ಬದಲಾಯಿಸುವ ದಿನ ಮುಂದಿನ ಶುಕ್ರವಾರ. ಅಂದು ಬೆಳಿಗ್ಗೆ ಬಾಳಮ್ಮ ಎಮ್ಮೆಯ ಮೈ ತೊಳೆದು, ಒಂದು ಹಿಡಿ ಹೆಚ್ಚು ಹಿಂಡಿ ಇಟ್ಟು, ಒಳಗೆ ಬಂದು ಗಂಡನ ಎದುರು ಕೂತಳು.

"ನನಗ ಓದಾಕ ಬರೂದಿಲ್ಲ. ನೀವೇ ಓದಿ ಹೇಳ್ರಿ. ಯಾರ ಸಲುವಾಗಿ ಎಮ್ಮಿ ಕೊಡಾಕತ್ತೇನಿ ಅಂತ ಗೊತ್ತಾಗ್ಲಿ. ಆ ಕಂಪನಿ ಎಷ್ಟು ಗಳಿಸ್ಯದ?"

ಮಾಸ್ತರರಿಗೆ ಸಂತೋಷವಾಯಿತು. ಎರಡೂ ಹಾಳೆಗಳನ್ನು ಬಿಚ್ಚಿದರು. "ಹೋದ ವರ್ಷ ಆರು ಸಾವಿರ."

"ಈ ವರ್ಷ?"

"ಏಳು ಸಾವಿರ."

"ಸರಿಯಾಗಿ ಏಳೇ ಏನ್ರಿ? ಹೆಚ್ಚಿಲ್ಲ, ಕಮ್ಮಿ ಇಲ್ಲ?"

"ಸರಿಯಾಗಿ ಏಳು."

ಬಾಳಮ್ಮ ಬೆರಳು ಮಡಚಲೂ ಇಲ್ಲ. "ಆರು ಏಳಾಗೋದು ನಮ್ಮ ಮನ್ಯಾಗ ವಾರಾ ವಾರಾ ಆಗ್ತದ," ಎಂದಳು. "ಹೊಳಿ ದಾಟಿದ್ರ ಆತು."

ಭೀಮೆಯ ಈ ದಂಡೆ ನಿಜಾಮರದು, ಇಲ್ಲಿ ನಡೆಯುವ ಸಿಕ್ಕಾ, ಅಂದರೆ ನಾಣ್ಯ, ಹಾಲಿ ರೂಪಾಯಿ. ಆ ದಂಡೆ ಇಂಗ್ರೇಜರದು, ಅಲ್ಲಿ ನಡೆಯುವುದು ಕಲ್ದಾರ್ ರೂಪಾಯಿ. ಆರು ಕಲ್ದಾರ್ ಕೊಟ್ಟರೆ ಏಳು ಹಾಲಿ ಬರುತ್ತದೆ ಎಂಬುದನ್ನು ಹೊಳೆಯ ದಂಡೆಯ ಹೆಂಗಸರು ಯಾರಿಂದಲೂ ಕಲಿಯುವುದಿಲ್ಲ.

"ಏನ್ ಮಾತಂತ ಆಡ್ತೀ," ಎಂದರು ಮಾಸ್ತರರು. "ಇದು ಕಂಪನಿ. ಹೊಳ್ಯಾಗಿನ ತೆಪ್ಪ ಅಲ್ಲ. ನೋಡಿಲ್ಲಿ, ಮ್ಯಾಲ ಬರದಾರ, ಮೊತ್ತ ಎಲ್ಲಾ ಹಾಲಿ ಸಿಕ್ಕಾದಾಗ ಅಂತ."

"ಅದು ಈ ವರ್ಷದ ಹಾಳಿ. ಹೋದ ವರ್ಷದ್ದರಾಗ?"

ಹೋದ ವರ್ಷದ ಹಾಳೆಯಲ್ಲಿ ಅದೇ ಜಾಗದಲ್ಲಿ ಕುಂಕುಮವಿತ್ತು. ಒಂದು ರೂಪಾಯಿಯ ಅಗಲ, ಎಣ್ಣೆ ಸೇರಿಸಿ ಹಚ್ಚಿದ್ದರಿಂದ ಕಲ್ಲಿನಂತೆ ಗಟ್ಟಿ. ಬಾಳಮ್ಮ ಹಾಳೆಯನ್ನು ಕಣ್ಣಿಗೆ ಒತ್ತಿಕೊಂಡು, ತಪ್ಪಾಯಿತೆಂದು ಲಕ್ಷ್ಮಿಗೆ ಒಂದು ಮಾತು ಹೇಳಿ, ಉಗುರಿನಿಂದ ಕೆರೆದಳು. ಮೊದಲು ಒಂದು 'ಕ' ಕಂಡಿತು. ಆಮೇಲೆ ಉಳಿದದ್ದೆಲ್ಲ.

ಮಾಸ್ತರರು ಹಾಳೆಯನ್ನು ಬೆಳಕಿಗೆ ಹಿಡಿದು ಓದಿದರು. ಕಂಪನಿ ಏನನ್ನೂ ಮುಚ್ಚಿಟ್ಟಿರಲಿಲ್ಲ. ಮುಚ್ಚಿದ್ದವರು ತಾವೇ. ಹೋದ ವರ್ಷ ಲೆಕ್ಕ ಬರೆದದ್ದು ಸೊಲ್ಲಾಪುರದ ಕಚೇರಿಯಲ್ಲಿ, ಕಲ್ದಾರಿನಲ್ಲಿ. ಈ ವರ್ಷ ಕಚೇರಿ ಜೇವರ್ಗಿಗೆ ಬಂದಿತ್ತು, ಲೆಕ್ಕ ಹಾಲಿಯಲ್ಲಿ. ಆರು ಸಾವಿರ ಕಲ್ದಾರ್, ಏಳು ಸಾವಿರ ಹಾಲಿ. ಕಂಪನಿ ವರ್ಷವಿಡೀ ದುಡಿದು ಇದ್ದಲ್ಲೇ ನಿಂತಿತ್ತು.

"ಇರಲಿ," ಎಂದರು ಮಾಸ್ತರರು. ಅವರು ಪ್ರಾಮಾಣಿಕರು, ಆದರೆ ಸುಲಭವಾಗಿ ಸೋಲುವವರಲ್ಲ. "ಕಂಪನಿ ಏರಿಲ್ಲ, ಒಪ್ಪಿದೆ. ಎಮ್ಮಿ ಇಳದದ್ದು ಇಳದದ್ದೇ ಅಲ್ಲ?"

"ನಿಮಗ್ಯಾರು ಹೇಳಿದ್ರು ಇಳದದಂತ?"

"ನಿನ್ನ ಗ್ವಾಡಿ. ಹೋದ ವರ್ಷ ಎಂಬತ್ತನಾಲ್ಕು, ಈ ವರ್ಷ ಎಪ್ಪತ್ತೆಂಟು."

ಬಾಳಮ್ಮ ಗಂಡನನ್ನು ಅಡುಗೆಮನೆಗೆ ಕರೆದುಕೊಂಡು ಹೋದಳು. "ಹೋದ ವರ್ಷ ಬೆಣ್ಣಿ ಊರಾಗ ಮಾರಿದ್ದು. ಹಾಲಿ ಬಂದ್ರ ಇದ್ದಿಲಿ ಗೆರಿ. ಈ ವರ್ಷ ಆಚೆ ದಂಡಿ ಗೌರಾಬಾಯಿ ಒಬ್ಬಾಕೀನೇ ಎಲ್ಲಾ ಒಯ್ದಾಳ. ಆಕಿ ಕೊಡೋದು ಕಲ್ದಾರ. ಅದಕ್ಕ ಕೆಂಪ ಗೆರಿ. ನೀವು ಬಣ್ಣ ಕೇಳಿಲ್ಲೇನು?"

"ಇದ್ದಿಲಿ ತೀರ್ಯಾವಂತ ತಿಳದೆ."

"ದಿನಾ ಒಲಿ ಹೊತ್ತಸೋ ಮನ್ಯಾಗ ಇದ್ದಿಲಿ ತೀರ್ತಾವೇನ್ರಿ."

ಮಾಸ್ತರರು ಗೋಡೆಗೆ ಒರಗಿ ಮನಸ್ಸಿನಲ್ಲೇ ಗುಣಿಸಿದರು. ಎಪ್ಪತ್ತೆಂಟು ಕಲ್ದಾರ್ ಅಂದರೆ ತೊಂಬತ್ತೊಂದು ಹಾಲಿ. ಊರಲ್ಲೇ ಹಾಲಿಯಲ್ಲಿ ಆದ ಖರ್ಚು ಅರವತ್ತು ಕಳೆದರೆ ಮೂವತ್ತೊಂದು. ಹೋದ ವರ್ಷದ ಇಪ್ಪತ್ತನಾಲ್ಕರ ಮೇಲೆ ಏಳು ರೂಪಾಯಿ ಏರಿಕೆ. ನಾಲ್ಕು ಸಾವಿರ ಶೇರಿನ ಕಂಪನಿ ಇದ್ದಲ್ಲೇ ಇರುವಾಗ, ಹಿತ್ತಲಲ್ಲಿ ಕಟ್ಟಿದ ಎಮ್ಮೆ ನೂರಕ್ಕೆ ಇಪ್ಪತ್ತೊಂಬತ್ತರಷ್ಟು ಮುಂದೆ ಹೋಗಿತ್ತು. ಮೂರು ಸಲ ಗುಣಿಸಿದರೂ ಅಷ್ಟೇ ಬಂತು.

ಆ ಹೊತ್ತಿಗೆ ಹೊರಗೆ ಹಗ್ಗ ಹಿಡಿದು ಚಾಂದಪಾಶಾ ಬಂದು ನಿಂತಿದ್ದ.

"ಸಲಾಮ್ರಿ ಮಾಸ್ತರ್ ಸಾಬ್. ಎಮ್ಮಿ ಬಿಚ್ಚಲೇನು?"

"ಬಿಚ್ಚಬ್ಯಾಡ. ಕೂಡು. ಎಮ್ಮಿ ಕೊಡೂದಿಲ್ಲ."

ಚಾಂದಪಾಶಾ ಬಾಳಮ್ಮನ ಮುಖ ನೋಡಿದ, ಮಾಸ್ತರರ ಮುಖ ನೋಡಿದ. ಇಪ್ಪತ್ತು ವರ್ಷ ದನ ಮಾರಿದವನಿಗೆ ಇಂಥ ಮನೆಗಳು ಹೊಸವಲ್ಲ. "ಬಾಯಿಯವರು ಬ್ಯಾಡಂದ್ರ ಬ್ಯಾಡ ಬಿಡ್ರಿ. ಖರೇ ಹೇಳಬೇಕಂದ್ರ ನಾನೂ ಬ್ಯಾಡಂತ ಮೂರ ಸಲ ಅಂದಿದ್ದೆ. ನನ್ನ ಸಂಚಕಾರ ಕೊಟ್ಟುಬಿಡ್ರಿ, ಹೋಗ್ತೇನಿ."

ಸಂಚಕಾರದ ಗಂಟು ಜೇವರ್ಗಿಯಲ್ಲಿತ್ತು. ಮಾಸ್ತರರು ಒಳಗೆ ಹೋಗಿ, ಪುಸ್ತಕ ಕೊಳ್ಳಲೆಂದು ಎತ್ತಿಟ್ಟಿದ್ದ ಹತ್ತು ರೂಪಾಯಿ ತಂದು, ಒಂದೊಂದಾಗಿ ಎಣಿಸಿ ಅವನ ಅಂಗೈಯಲ್ಲಿಟ್ಟರು. ಚಾಂದಪಾಶಾ ಅಂಗೈ ಮುಚ್ಚಲಿಲ್ಲ.

"ಸಾಬ್, ಇವು ಹಾಲಿ ಅವ. ನಾ ಕೊಟ್ಟಿದ್ದು ಕಲ್ದಾರ. ಸೊಲ್ಲಾಪುರದ ಬಜಾರದಾಗ ಹೋರಿ ಮಾರಿದ ರೊಕ್ಕ ಅವು. ನೀವು ಎಣಿಸಿ ತೊಗೊಂಡ್ರಿ."

"ಅರಿವಿ ಬಿಚ್ಚಿದ್ರೇನು?" ಎಂದು ಬಾಳಮ್ಮ ಗಂಡನನ್ನು ಕೇಳಿದಳು.

ಮಾಸ್ತರರು ಲೆಕ್ಕ ಹೇಳಿದರು. "ಹತ್ತು ಕಲ್ದಾರಕ್ಕ ಹನ್ನೊಂದು ರೂಪಾಯಿ ಹತ್ತಾಣೆ ಎಂಟು ಪೈ ಹಾಲಿ. ಇನ್ನ ಒಂದು ರೂಪಾಯಿ ಹತ್ತಾಣೆ ಎಂಟು ಪೈ ಕೊಡಬೇಕು." ಲೆಕ್ಕ ಒಂದು ಪೈ ಕೂಡ ತಪ್ಪಿರಲಿಲ್ಲ. ತಪ್ಪಿದ್ದು ಅವರ ಜೇಬು, ಅದರಲ್ಲಿ ಒಂದು ಸುಣ್ಣದಕಡ್ಡಿ ಬಿಟ್ಟರೆ ಏನೂ ಇರಲಿಲ್ಲ.

ಬಾಳಮ್ಮ ಒಳಗೆ ಹೋಗಿ ಬೆಣ್ಣೆಯ ರೊಕ್ಕದ ಗಡಿಗೆ ಇಳಿಸಿ, ಅಷ್ಟನ್ನು ಎಣಿಸಿ ತಂದುಕೊಟ್ಟಳು. ಚಾಂದಪಾಶಾನಿಗೆ ಒಂದು ತಂಬಿಗೆ ಮಜ್ಜಿಗೆಯನ್ನೂ ಕೊಟ್ಟಳು. ಅವನು ಕುಡಿದು, ಎಮ್ಮೆಯ ಬೆನ್ನನ್ನು ಇನ್ನೊಮ್ಮೆ ತಟ್ಟಿ, ಖಾಲಿ ಹಗ್ಗ ಹೆಗಲಿಗೆ ಹಾಕಿಕೊಂಡು ಹೋದ.

ಮಾಸ್ತರರು ಎಮ್ಮೆಯ ಪತ್ರಿಕೆಯನ್ನು ಹರಿಯಲು ಹೋದರು. ಬಾಳಮ್ಮ ತಡೆದಳು.

"ಹರೀಬ್ಯಾಡ್ರಿ. ಚಲೋ ಪದ್ಧತಿ ಅದ. ಕೂತು ಸರಿ ಮಾಡಿ ಬರೀರಿ. ಮದಲ ಯಾವ ಸಿಕ್ಕಾ ಅಂತ ಬರೀರಿ."

ಮಾಸ್ತರರು ಹೊಸ ಹಾಳೆ ತೆಗೆದು ಮೇಲೆ ದಪ್ಪಕ್ಷರದಲ್ಲಿ 'ಹಾಲಿ ಸಿಕ್ಕಾ' ಎಂದು ಬರೆದರು. ಆದಾಯ ತೊಂಬತ್ತೊಂದು, ಖರ್ಚು ಅರವತ್ತು, ಲಾಭ ಮೂವತ್ತೊಂದು. ಸವಕಳಿಯ ಸಾಲನ್ನು ಅವರಾಗಿಯೇ ಬಿಟ್ಟರು. ಬರೆದು ಮುಗಿಸಿ ಅಭ್ಯಾಸಬಲದಿಂದ ಕುಂಕುಮದ ಭರಣಿಗೆ ಕೈ ಹಾಕಿದರು. ಬಾಳಮ್ಮ ಅದನ್ನು ಅವರ ಕೈಯಿಂದ ತೆಗೆದುಕೊಂಡು ಹೋಗಿ ಎಮ್ಮೆಯ ಹಣೆಗೆ ಹಚ್ಚಿ ಬಂದಳು.

"ಇನ್ನೊಂದು ಬಾಕಿ ಅದ," ಎಂದಳು. "ಎಮ್ಮಿಗೆ ಬರಬೇಕಾದದ್ದು. ಒಂದು ರೂಪಾಯಿ ಹತ್ತಾಣೆ ಎಂಟು ಪೈ."

ಮಾಸ್ತರರು ಬರೆದರು. "ಯಾರಿಂದ ಅಂತನೂ ಬರೀಬೇಕೇನು?"

"ಕಂಪನಿಯವರು ಬರೀತಾರಿಲ್ಲ?"

ಬರೆಯುತ್ತಾರೆ. ಮಾಸ್ತರರು ತಮ್ಮ ಹೆಸರು ಬರೆದು, ಇದನ್ನು ಅಣ್ಣಾರಾಯ ಮರಳಿ ಬಂದ ಮೇಲೆ, ಕಂಪನಿಯವರು ಮುಂಗಡ ಹಿಂದಕ್ಕೆ ಕೊಟ್ಟ ಮೇಲೆ, ಇಲ್ಲವೇ ಮುಂದಿನ ತಿಂಗಳ ಸಂಬಳದಲ್ಲಿ ಪುಸ್ತಕ ಗಿಸ್ತಕ ಕಳೆದು ಏನಾದರೂ ಉಳಿದರೆ ಖಂಡಿತ ಕೊಡುವುದಾಗಿ ಹೇಳಿದರು.

ಬಾಳಮ್ಮ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಹಾಳೆಯ ಕೆಳಗೆ, ಗೆರೆಯಾಚೆ ಖಾಲಿ ಬಿಟ್ಟಿದ್ದ ಜಾಗದ ಮೇಲೆ ಬೆರಳಿಟ್ಟಳು.

"ಹಂಗಾದ್ರ ಅಲ್ಲಿ ಬ್ಯಾಡ. ಇಲ್ಲಿ ಬರೀರಿ. ಆ ಕಡೀ ಸಾಲಿನ್ಯಾಗ."

ಮಾಸ್ತರರು ಪುಸ್ತಕ ತೆರೆದು ನೋಡಿದರು. ನಿಯಮದ ಪ್ರಕಾರ ಅವಳು ಹೇಳಿದ್ದು ಸರಿಯಾಗಿತ್ತು. ಮೇಲಿನ ಹೆಸರನ್ನು ಅಳಿಸಿ, ವಸೂಲಾಗುವುದು ಸಂಶಯವಿರುವ ಬಾಕಿಯ ಸಾಲಿನಲ್ಲಿ ಹಣಮಂತ್ರಾಯ ಎಂದು ದುಂಡಗೆ ಬರೆದುಕೊಟ್ಟರು.