ಮೂರು ವರ್ಷದ ಗೆಡ್ಡೆ

ಬೆಳಿಗ್ಗೆ ಎದ್ದವನೇ ಕಂಪೌಂಡರ್ ಹಿತ್ತಿಲಿನ ಬರಿ ಮಣ್ಣಿಗೆ ಒಂದು ಚೊಂಬು ನೀರು ಹಾಕಿದ. ಕೂಸಿನ ತಲೆಗೆ ಹಾಕುವ ಹಾಗೆ ಅಂಗೈ ಅಡ್ಡ ಹಿಡಿದು ಹಾಕಿದ. ಆಮೇಲೆ ಕುಕ್ಕರುಗಾಲಿನಲ್ಲಿ ಕೂತು ಮಣ್ಣನ್ನು ನೋಡಿದ. ಮಣ್ಣು ಅವನನ್ನು ನೋಡಿತು.

ಒಳಗಿದ್ದದ್ದು ಅಕ್ಕ ಕೊಟ್ಟ ಹೂವಿನ ಗೆಡ್ಡೆ. ವರ್ಷಕ್ಕೊಮ್ಮೆ ಪೂರ್ತಿ ಒಣಗಿ ನೆಲ ಸೇರಿ, ಮತ್ತೆ ತಾನಾಗಿ ಏಳುವ ಜಾತಿ. ಮೂರು ವರ್ಷ ಕಾದರೆ ಹೂವು, ಆಮೇಲೆ ಜೀವಮಾನವಿಡೀ. ಕೊಡುವಾಗ ಅಕ್ಕ ಹೇಳಿದ್ದು ಒಂದೇ ಮಾತು, ಅಗೆದು ನೋಡಬೇಡ ಅಂತ. ಹೇಳಲು ಕಾರಣವಿತ್ತು. ಚಿಕ್ಕವನಿದ್ದಾಗ ಅವನು ಅಮ್ಮ ಬಿತ್ತಿದ ಬೀಜಗಳನ್ನು ಮೊಳಕೆ ಬಂತೇ ಎಂದು ದಿನಾ ಕಿತ್ತು ನೋಡಿ, ಮತ್ತೆ ಹೂತು, ಒಂದು ವರ್ಷ ಮನೆಯಲ್ಲಿ ಹೂವೇ ಇಲ್ಲದಂತೆ ಮಾಡಿದ್ದ.

ಈಗ ಅಕ್ಕ ಮೂರನೇ ಮಹಡಿಯ ಮನೆಗೆ ಹೋಗುತ್ತಿದ್ದಳು. ಅಲ್ಲಿ ಮಣ್ಣೆಂದರೆ ಚಪ್ಪಲಿಗೆ ಅಂಟಿದ್ದು ಮಾತ್ರ. ಅಮ್ಮ ನೆಟ್ಟ ಗೆಡ್ಡೆಗಳೆಲ್ಲ ಯಾರಿಗಾದರೂ ಹೋಗಬೇಕು. ಕೊಟ್ಟ ಒಂದನ್ನು ಉಳಿಸಿಕೊಂಡಿದ್ದರೆ ಎಲ್ಲವೂ ತಮ್ಮನಿಗೆ, ಇಲ್ಲದಿದ್ದರೆ ಅಕ್ಕನ ನಾದಿನಿಗೆ. ಇವತ್ತು ಸಂಜೆ ನಾಲ್ಕಕ್ಕೆ ಬಂದು ನೋಡುತ್ತೇನೆ ಎಂದಿದ್ದಳು. ಅಮ್ಮನ ಕೈಯದು ಎಂದು ಹೇಳಿಕೊಳ್ಳಲು ಅವನ ಮನೆಯಲ್ಲಿ ಬೇರೇನೂ ಇರಲಿಲ್ಲ.

ಕಳೆದ ಎರಡು ವರ್ಷ ಎರಡೆರಡು ಎಲೆ ಬಂದು, ಬಂದದ್ದೇ ತಪ್ಪಾಯಿತೇನೋ ಎಂಬಂತೆ ಒಣಗಿದ್ದವು. ಈ ಸಲ ಅದೂ ಇಲ್ಲ.

ಗೋಡೆಯಾಚೆಯಿಂದ ರಿಟೈರಾದ ಮೇಷ್ಟ್ರು ಇಣುಕಿ, ನೀರು ಹೆಚ್ಚಾಗಿ ಕೊಳೆತು ಸತ್ತಿದೆ ಎಂದರು. ಮೇಲಿನ ಮನೆಯ ಟೈಲರಮ್ಮ ಕಿಟಕಿಯಿಂದ, ನೀರು ಸಾಲದೆ ಸತ್ತಿದೆ ಎಂದಳು. ಸತ್ತಿದೆ ಎನ್ನುವುದರಲ್ಲಿ ಮಾತ್ರ ಇಬ್ಬರಿಗೂ ಜಗಳವಿರಲಿಲ್ಲ.

"ಒಂದ್ಸಲ ಅಗೆದು ನೋಡಿಬಿಡಿ ಕಂಪೌಂಡರೇ. ಮನಸ್ಸಿಗಾದ್ರೂ ಸಮಾಧಾನ," ಎಂದರು ಮೇಷ್ಟ್ರು.

ಅವನು ಬೇಡವೆಂದು ತಲೆಯಾಡಿಸಿದ. ಕೆಲಸಕ್ಕೆ ಹೊರಟಿದ್ದ ಹೆಂಡತಿ ಹಿತ್ತಿಲ ಮೆಟ್ಟಿಲ ಮೇಲಿನ ಈರುಳ್ಳಿ ಬುಟ್ಟಿಯನ್ನು ಬಿಸಿಲಿಗೆ ಸರಿಸುತ್ತ, "ಬುಟ್ಟೀಲಿರೋ ಈರುಳ್ಳಿನೇ ಮೊಳಕೆ ಬಿಟ್ಟಿದೆ. ನಿಮ್ಮ ಗೆಡ್ಡೆಗೆ ಏನು ಬಂದಿದೆ ರೋಗ," ಎಂದು ಹೋದಳು.

ಮಧ್ಯಾಹ್ನದವರೆಗೆ ದವಾಖಾನೆಯಲ್ಲಿ ಅವನ ಕೈಗಳಷ್ಟೇ ಕೆಲಸ ಮಾಡಿದವು. ಕೆಮ್ಮಿನವನಿಗೆ ಹೊಟ್ಟೆನೋವಿನ ಮಾತ್ರೆ ಕಟ್ಟಿಕೊಟ್ಟು, ಬೀದಿಯ ಕೊನೆಯವರೆಗೆ ಅಟ್ಟಿಸಿಕೊಂಡು ಹೋಗಿ ಬದಲಾಯಿಸಿ ಬಂದ. ಡಾಕ್ಟರು ಬೈದರು. ವಿಷಯ ತಿಳಿದ ಮೇಲೆ, ಅಗೆದು ನೋಡಬಾರದೇ ಎಂದು ಅವರೂ ಕೇಳಿದರು.

ಮೂರು ಗಂಟೆಗೆ ಮನೆಗೆ ಬಂದರೆ ಮಣ್ಣಿನ ನಡುವೆ ಬೆರಳುದ್ದದ ಹಸಿರು. ಅಲ್ಲೇ ಕೂತು ಎಲ್ಲರನ್ನೂ ಕೂಗಿದ. ಕರೆದ ದನಿಗೆ ಮೇಷ್ಟ್ರು ಬಂದರು, ಟೈಲರಮ್ಮ ಇಳಿದು ಬಂದಳು, ಆಗಷ್ಟೇ ಮನೆ ಸೇರಿದ ಹೆಂಡತಿಯೂ ಬಂದಳು. ಅವಳು ಬಗ್ಗಿ ಮೂಸಿದಳು.

"ಇದು ಈರುಳ್ಳಿ."

ಎಳೆದರೆ ಸಲೀಸಾಗಿ ಬಂತು. ಅದರ ಕೆಳಗೆ ಎರಡು ತುಂಡಾದ ಗೆಡ್ಡೆ, ಪಕ್ಕದಲ್ಲಿ ಮುರಿದು ಬಿದ್ದ ದಪ್ಪ ಬಿಳಿ ಮೊಳಕೆ. ಇನ್ನೊಂದು ವಾರ ಬಿಟ್ಟಿದ್ದರೆ ಮೇಲೆ ಬರುತ್ತಿತ್ತು.

"ಯಾರು ಅಗೆದದ್ದು?" ಎಂದ. ಕೋಪ ಮಾಡಿಕೊಳ್ಳುವ ಶಕ್ತಿಯೂ ಇರಲಿಲ್ಲ.

ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ತಾವು ಅಗೆದದ್ದು ನಿಜ, ಆದರೆ ಅದು ಗುರುವಾರ, ಈರುಳ್ಳಿ ತಮ್ಮದಲ್ಲ ಎಂದರು. ಟೈಲರಮ್ಮ ತಿಂಗಳಿಗೊಮ್ಮೆ ಮಾತ್ರ ನೋಡುತ್ತಿದ್ದಳಂತೆ, ಅದೂ ಕತ್ತರಿಯ ತುದಿಯಿಂದ, ತುಂಬ ನಾಜೂಕಾಗಿ. ಅವನು ಹೆಂಡತಿಯತ್ತ ತಿರುಗಿದ.

"ಭಾನುವಾರ ಮಾತ್ರ," ಎಂದಳು ಅವಳು. "ನೀವು ಸ್ನಾನಕ್ಕೆ ಹೋದಾಗ."

ಮೂರು ವರ್ಷ ಆ ಮಣ್ಣಿಗೆ ಬೆರಳು ತಾಗಿಸದವನು ಅವನೊಬ್ಬನೇ ಆಗಿದ್ದ. ಆದರೆ ಇವತ್ತಿನ ಕೆಲಸ ತಮ್ಮದಲ್ಲವೆಂದು ಮೂವರೂ ಆಣೆ ಮಾಡಿದರು.

ಅಷ್ಟರಲ್ಲಿ ಗೇಟು ಕಿರುಗುಟ್ಟಿತು. ಅವನು ಈರುಳ್ಳಿಯನ್ನು ಮತ್ತೆ ಗುಳಿಗೆ ತುರುಕಿ ಮಣ್ಣೆಳೆದ.

"ಬಂದಿದೆ ನೋಡಕ್ಕ," ಎಂದ. "ಬೆಳಿಗ್ಗೆ ನಾನು ಏಳೋ ಹೊತ್ತಿಗೇ ಇತ್ತು."

ಅಕ್ಕ ಈರುಳ್ಳಿಯನ್ನು ನೋಡಿದಳು. ಆಮೇಲೆ ತನ್ನ ಉಗುರುಗಳನ್ನು ನೋಡಿಕೊಂಡಳು.

"ಬೆಳಿಗ್ಗೆ ಎಲ್ಲಿತ್ತೋ," ಎಂದಳು ಮೆಲ್ಲಗೆ. "ಹತ್ತು ಗಂಟೆಗೇ ಬಂದಿದ್ದೆ ಕಣೋ. ಮನೇಲಿ ಯಾರೂ ಇರಲಿಲ್ಲ. ಸಂಜೆವರೆಗೂ ತಡೆಯೋಕಾಗ್ಲಿಲ್ಲ, ಒಂಚೂರು ಕೆದಕಿದೆ. ಮುರಿದೇ ಹೋಯ್ತು. ನಿನಗೆ ಹೇಗೆ ಮುಖ ತೋರಿಸ್ಲಿ ಅಂತ ಬುಟ್ಟೀಲಿದ್ದ ಈರುಳ್ಳಿ ನೆಟ್ಟು ಹೋದೆ."

ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಅಲ್ಲಿ ತಲೆಯೆತ್ತಿ ನಿಂತದ್ದು ಈರುಳ್ಳಿಯೊಂದೇ.

ತಪ್ಪಿಗೆ ಪರಿಹಾರವನ್ನು ಅಕ್ಕ ಗಾಡಿಯಲ್ಲೇ ತಂದಿದ್ದಳು. ಮೂರು ಗೋಣಿಚೀಲದ ತುಂಬ ಅಮ್ಮನ ಗೆಡ್ಡೆಗಳು. ಅವನ ಕಣ್ಣು ಒದ್ದೆಯಾಯಿತು. ಚೀಲಕ್ಕೆ ಕೈ ಹಾಕಿ ನೋಡಿದರೆ ಎಲ್ಲವೂ ತುಂಡು ತುಂಡು. ಅವಸರದಲ್ಲಿ ಗುದ್ದಲಿ ಹಾಕಿ ಎಬ್ಬಿಸಿದ್ದಳು.

"ಏನಾಗಲ್ಲ, ತುಂಡಾದ್ರೂ ಬದುಕ್ತವೆ," ಎಂದಳು ಅಕ್ಕ. "ಆದ್ರೆ ಎಲ್ಲಾ ಮೊದಲಿಂದ. ಹೂವಿಗೆ ಮೂರು ವರ್ಷ."

ಬಿಸಿಲು ಇಳಿಯುವ ಹೊತ್ತಿಗೆ ತುಂಡುಗಳೆಲ್ಲ ನೆಲ ಸೇರಿ ಹಿತ್ತಿಲಿಡೀ ಬರಿ ಮಣ್ಣಾಯಿತು. ಕಂಪೌಂಡರ್ ಸೊಂಟ ಹಿಡಿದುಕೊಂಡು, ಅಂಗೈ ಅಡ್ಡ ಇಟ್ಟು, ಚೊಂಬಿನ ಮೇಲೆ ಚೊಂಬು ನೀರು ಹಾಕಿದ. ಮೇಷ್ಟ್ರು ಆಕಾಶ ನೋಡುತ್ತಿದ್ದರು. ಟೈಲರಮ್ಮ ಬೆರಳಿಗೆ ಸುತ್ತಿಕೊಂಡ ದಾರ ಬಿಚ್ಚುತ್ತಿದ್ದಳು. ಹೆಂಡತಿ ಈರುಳ್ಳಿಯ ಮಣ್ಣು ಕೊಡವುತ್ತಿದ್ದಳು. ಅಕ್ಕ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಲೇ ಇದ್ದಳು.

"ದಯವಿಟ್ಟು ಯಾರೂ ಅಗೆದು ನೋಡಬೇಡಿ," ಎಂದ.